ಈನಾಕ್ ಹುಟ್ಟಿದ ಊರು

"ಬ್ರೇಡನ್‌ನಲ್ಲಿ ಹುಟ್ಟಿದ್ನಂತೆ!" ಕಲ್ಲಿಗೆ ಹೊದಿಸಿದ್ದ ಕೆಂಪು ಬಟ್ಟೆಯ ಅಂಚೆತ್ತಿ ಓದಿದ ಡೋರೀನ್, ಮೈದಾನದ ಮೂಲೆಯಲ್ಲಿ ಬಾವುಟ ನೆಡುತ್ತಿದ್ದವನು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. "ಯಾರೇ ಮೇವಿಸ್, ಇದನ್ನ ಬರೆಸಿದ್ದು?"

"ನಾನೇ. ಮೊದಲು ಬಟ್ಟೆ ಬಿಡು. ಇನ್ನೂ ಅನಾವರಣ ಆಗಿಲ್ಲ."

ಮೇವಿಸಳ ಮುತ್ತಜ್ಜ ಈನಾಕ್ ಕ್ರೌದರ್ ಬ್ರೇಡನ್ ಫುಟ್‌ಬಾಲ್ ಕ್ಲಬ್ಬಿನ ಮೊದಲ ಮ್ಯಾನೇಜರ್. ಆ ಹುದ್ದೆಗೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ ತಂಡ ಆರಿಸಿ, ಚೆಂಡಿಗೆ ಗಾಳಿ ಹಾಕಿ, ಗೇಟಿನಲ್ಲಿ ಟಿಕೆಟ್ಟನ್ನೂ ಹರಿಯುತ್ತಿದ್ದವನು. ಅವನ ಮೂಲ ಹುಡುಕುತ್ತ ಮೇವಿಸ್ ಐದು ವರ್ಷ ಊರಿನ ಚರ್ಚು, ಪುಟ್ಟ ಪ್ರಾರ್ಥನಾಮಂದಿರವಾದ ಚಾಪೆಲ್ಲುಗಳ ಜನನ ದಾಖಲೆ, ಗೋರಿಗಳನ್ನೆಲ್ಲ ಜಾಲಾಡಿದ್ದಳು. ಅವಳ ಮಾತಿನ ಮೇಲೆಯೇ ಕ್ಲಬ್ಬಿನವರು ಕಲ್ಲು ಕೆತ್ತಿಸಿದ್ದರು: 'ಈನಾಕ್ ಕ್ರೌದರ್. ಜನನ 1858, ಬ್ರೇಡನ್. ಮರಣ 1932, ಬ್ರೇಡನ್.' ಇವತ್ತು ನದಿಯಾಚೆಯ ಹಳೆಯ ವೈರಿ ಹಾಕ್ಸ್‌ಬಿಯ ಮೇಲೆ ಪಂದ್ಯ. ಆಟ ಶುರುವಾಗುವ ಮುನ್ನ ಬಟ್ಟೆ ಸರಿಸಬೇಕಾದವಳೂ ಮೇವಿಸಳೇ. ಡೋರೀನ್ ಈನಾಕನ ಅಕ್ಕ ಹ್ಯಾನಾಳ ಮರಿಮೊಮ್ಮಗಳು, ಹಾಕ್ಸ್‌ಬಿಯವಳು. ಕ್ಲಬ್ಬಿನ ಗಾಜಿನ ಕಪಾಟಿನಲ್ಲಿಡಲು ಮನೆತನದ ಹಳೆಯ ವಸ್ತು ಏನಾದರೂ ಇದ್ದರೆ ತಾ ಎಂದು ಅವಳಿಗೆ ಹೇಳಿಕಳಿಸಿದ್ದರೆ, ಕೊರಳಿಗೆ ಹಾಕ್ಸ್‌ಬಿಯ ನೀಲಿ ಮಫ್ಲರ್ ಸುತ್ತಿಕೊಂಡೇ ಬಂದಿದ್ದಳು.

ದಿಂಬಿನ ಚೀಲದೊಳಗಿಂದ ಅವಳು ಚೌಕಟ್ಟು ಹಾಕಿಸಿದ ಒಂದು ಕಸೂತಿ ಬಟ್ಟೆಯನ್ನು ಹೊರತೆಗೆದಳು. "ಈನಾಕನ ತಾಯಿ ಹಾಕಿದ್ದು. ಮಕ್ಕಳ ಹೆಸರು, ಹುಟ್ಟಿದ ವರ್ಷ, ಊರು. ಓದು."

ಮೇವಿಸ್ ಕನ್ನಡಕ ಏರಿಸಿಕೊಂಡಳು. "ಹ್ಯಾನಾ... ಈನಾಕ್, 1858, ಬ್ರೇಡನ್. ಸರಿಯಾಗೇ ಇದೆಯಲ್ಲೇ!"

"ಕೆಳಗೆ ನೋಡು."

ಕೆಳಗೆ ಇನ್ನೊಬ್ಬ ಈನಾಕ್ ಇದ್ದ: 1862, ಹಾಕ್ಸ್‌ಬಿ. ಅವನದು ಕೆಂಪು ದಾರ. ಮೇಲಿನವನ ಹೆಸರು ಮಾತ್ರ ಕಪ್ಪು ದಾರದಲ್ಲಿತ್ತು. ಅದರ ಅರ್ಥ ಮೇವಿಸಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗೆಲ್ಲ ಕೂಸು ಸತ್ತರೆ ಮುಂದೆ ಹುಟ್ಟಿದ ಗಂಡಿಗೆ ಅದೇ ಹೆಸರಿಡುತ್ತಿದ್ದರು. ಅವಳು ಕಲ್ಲಿನಲ್ಲಿ ಕೆತ್ತಿಸಿದ್ದು ತೀರಿಹೋದ ಕೂಸಿನ ಹುಟ್ಟು.

"ಇಲ್ಲಿ ಗಿರಣಿ ಮುಚ್ಚಿದಾಗ ನಮ್ಮೂರಿಗೆ ಬಂದಿದ್ರು. ಇವನನ್ನ ಅಲ್ಲೇ ಹೆತ್ತು, ಆಮೇಲೆ ವಾಪಸ್ ಬಂದ್ರು. ನಿಮ್ಮ ಮ್ಯಾನೇಜರ್ರು ನಮ್ಮ ಹುಡುಗ ಕಣೇ!"

"ಕೊನೇ ಫೋಟೋದಲ್ಲಿ ಎಪ್ಪತ್ನಾಲ್ಕಾಗಿದ್ರೂ ಎಪ್ಪತ್ತರ ಹಾಗೆ ಕಾಣ್ತಾರೆ ಅಂತ ಎಲ್ರಿಗೂ ತೋರಿಸ್ತಿದ್ದೆ ನಾನು," ಎಂದಳು ಮೇವಿಸ್ ಮೆಲ್ಲಗೆ.

"ಯಾಕೆ ಕಾಣಲ್ಲ? ಎಪ್ಪತ್ತೇ ತಾನೇ ಆಗಿದ್ದು! ಅಲ್ಲ ಕಣೇ, ಐದು ವರ್ಷ ಹುಡುಕಿದೆ. ಸೇತುವೆ ದಾಟಿ ನಮ್ಮ ಚಾಪೆಲ್‌ನಲ್ಲೂ ಒಂದ್ಸಲ ಕೇಳಬಾರದಾಗಿತ್ತಾ?"

"ನಾನು? ಹಾಕ್ಸ್‌ಬಿಗೆ?" ಮೇವಿಸಳ ದನಿಯಲ್ಲಿದ್ದದ್ದು ನಿಜವಾದ ಆಶ್ಚರ್ಯ. ಆ ಯೋಚನೆ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಕ್ಲಿಫ್ ಮೈಕು ಹಿಡಿದು ಓಡಿಬಂದ. "ತಾಯೀ, ಹುಡುಗರು ಇನ್ನೇನು ಮೈದಾನಕ್ಕೆ ಇಳೀತಾರೆ. ಎರಡು ಮಾತಾಡಿ ಬಟ್ಟೆ ತೆಗೆದುಬಿಡಿ." ಮೇವಿಸ್ ವಿಷಯ ತಿಳಿಸಿದಳು. ಎದುರಿನ ಮೆಟ್ಟಿಲುಗಳಲ್ಲಿ ಕಿಕ್ಕಿರಿದಿದ್ದ ನೀಲಿಯ ಜನವನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. "ಅವ್ರಿಗೆ ಗೊತ್ತಾದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದನ್ನೇ ಹಾಡ್ತಾರೆ. ಇವತ್ತೊಂದಿನ ಬಾಯಿ ಬಿಡಬೇಡಿ, ನಿಮ್ಮ ದಮ್ಮಯ್ಯ."

"ಸುಳ್ಳನ್ನ ಕಲ್ಲಲ್ಲಿ ನಿಲ್ಲಿಸಿ ಮನೆಗೆ ಹೋಗಿ ಟೀ ಕುಡೀಲಾ? ತಪ್ಪು ನಂದು, ನಾನೇ ಹೇಳ್ತೀನಿ. ಇದನ್ನ ಕೀಳಿಸಿ ಬೇರೆ ನೆಡಿ." ಅವಳು ಮೈಕು ತೆಗೆದುಕೊಂಡಳು. ಆದರೆ ಕಣ್ಣು ಆ ಕಪ್ಪು ದಾರವನ್ನು ಬಿಟ್ಟು ಕದಲಲಿಲ್ಲ. "ಡೋರೀನ್, ಈ ಕೂಸನ್ನ ಎಲ್ಲಿ ಮಣ್ಣು ಮಾಡಿದ್ರು?"

ಡೋರೀನಳ ನಗು ನಿಂತಿತು. "ಇಲ್ಲೇ, ನಿಮ್ಮ ಚಾಪೆಲ್ ಹಿಂದೆ ಅಂತ ನಮ್ಮಮ್ಮ ಹೇಳೋಳು. ಇನ್ನೂ ಕತ್ತು ನಿಂತಿರಲಿಲ್ಲವಂತೆ."

"ಅಲ್ಲೀಗ ಕಾರು ನಿಲ್ಲಿಸ್ತಾರೆ," ಎಂದ ಕ್ಲಿಫ್.

"ಗುರುತಿಗೆ ಏನೂ ಇರಲಿಲ್ವಾ?"

"ಗಿರಣಿ ಕೂಲಿಯವರ ಹಸುಗೂಸಿಗೆ ಯಾರು ಕಲ್ಲು ಹಾಕಿಸ್ತಾರೆ, ಮೇವಿಸ್?"

ಡೋರೀನ್ ಬಾಗಿ, ತಾನು ಎತ್ತಿದ್ದ ಬಟ್ಟೆಯ ಅಂಚನ್ನು ಹೊದಿಕೆ ಸರಿಮಾಡುವವಳಂತೆ ಕೆಳಕ್ಕೆಳೆದು ನೇರ ಮಾಡಿದಳು. ಆಮೇಲೆ ಮೇವಿಸಳ ಕೈಯಿಂದ ಮೈಕು ಕಿತ್ತು ಕ್ಲಿಫ್‌ನ ಕೈಗೆ ತುರುಕಿದಳು.

"ಕೀಳಿಸಬೇಡ ಕಣೇ. ಹುಟ್ಟಿದ ಸಾಲು ಆ ಪುಟ್ಟದ್ದಕ್ಕೇ ಇರಲಿ. ಕೆಳಗೆ ಜಾಗ ಇದೆಯಲ್ಲ, ಮುಂದಿನ ವಾರ ಬೆಳೆದು ದೊಡ್ಡವನಾದವನಿಗೆ ಇನ್ನೊಂದು ಸಾಲು ಕೆತ್ತಿಸು. ಹಾಕ್ಸ್‌ಬಿ ಅನ್ನೋದು ಮಾತ್ರ ದಪ್ಪಕ್ಷರದಲ್ಲಿ ಇರಬೇಕು."

"ಅದರ ಖರ್ಚು ನಿಮ್ಮೂರಿನವರದೇ," ಎಂದಳು ಮೇವಿಸ್. ಮೂಗು ಒರೆಸಿಕೊಂಡು, ಒಂದು ಮಾತನ್ನೂ ಆಡದೆ ಬಟ್ಟೆ ಎಳೆದಳು.

ಬ್ರೇಡನ್‌ನವರು ಚಪ್ಪಾಳೆ ತಟ್ಟಿದರು. ಎದುರಿನ ನೀಲಿ ಗುಂಪು ಎಂದಿನ ಪದ್ಧತಿಯಂತೆ ಒಟ್ಟಿಗೆ ಎದ್ದು 'ಬೂ' ಎಂದು ಊಳಿಟ್ಟಿತು. ಡೋರೀನ್ ಗರ್ರನೆ ತಿರುಗಿದಳು. ಬಾಯಿಗೆ ಅಡ್ಡವಾಗಿದ್ದ ನೀಲಿ ಮಫ್ಲರನ್ನು ಕೆಳಗೆಳೆದು, ತನ್ನ ಊರಿನವರ ಮೇಲೆಯೇ ಹರಿಹಾಯ್ದಳು:

"ಸದ್ದು ಮಾಡಬೇಡ್ರೋ! ಮಗು ಮಲಗಿದೆ!"