ಮೊದಲ ಮೊಳೆ

ಬಹಳ ವರ್ಷ ಬೀಗ ಬಿದ್ದ ಮನೆಗಳ ಹಾಗೆಯೇ ಶಶಿಕಲಾ, ಬಸವಂತ ದಂಪತಿ ಕೊಂಡ ಮನೆಯೂ ನೆಲ ಬಿಟ್ಟು ಸೊಂಟದೆತ್ತರಕ್ಕೆ ತೇಲುತ್ತಿತ್ತು. ಇವತ್ತು ಹೊತ್ತು ಮುಳುಗುವುದರೊಳಗೆ ಇಳಿಯದಿದ್ದರೆ ನಗರಸಭೆಯವರು ಅದನ್ನು ನೆಲಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ ಗಾಳಿಗೆ ಬಿಡುವವರಿದ್ದರು.

ಒಂದು ತಿಂಗಳಿಂದ ಗಂಡಹೆಂಡತಿ ಗೋಡೆಗೆ ಗಿಲಾವು ಮಾಡಿಸಿ, ಹೆಂಚು ಹೊದಿಸಿ, ಕೈಯಾರೆ ಸುಣ್ಣ ಬಳಿದಿದ್ದರು. ಮನೆ ಮಾತ್ರ ಜಪ್ಪಯ್ಯ ಅಂದಿರಲಿಲ್ಲ.

"ನೀವು ಮಾಲಕ್ರು ಅಂತ ಮನಿಗೆ ಇನ್ನೂ ಗೊತ್ತಾಗಿಲ್ರೀ," ಎಂದ ಗಿಲಾವು ಮಾಡಿದ ಗೌಂಡಿ ಇಮಾಮಸಾಬ. ಅವನು ಹೊಸ್ತಿಲ ಮೇಲೆ ಕುಳಿತು ಹೊರಗೆ ಕಾಲು ಇಳಿಬಿಟ್ಟು ಚಹಾ ಕುಡಿಯುತ್ತಿದ್ದ. "ಅಕ್ಕಾರ, ಕ್ಯಾಲೆಂಡರ್ ಯಾಕ ಕಿಟಕಿ ಸರಳಿಗೆ ಕಟ್ಟೀರಿ?"

"ಗ್ವಾಡಿಗೆ ಮೊಳಿ ಬಡದ್ರ ಮಾಲಕ್ರು ಬೈತಾರಲ್ಲ..." ಎಂದ ಶಶಿಕಲಾ ನಾಲಿಗೆ ಕಚ್ಚಿಕೊಂಡಳು. ಹದಿನಾಲ್ಕು ವರ್ಷದಲ್ಲಿ ಆರು ಬಾಡಿಗೆ ಮನೆ ಕಂಡವಳು, ಎಲ್ಲಿಯೂ ಒಂದು ಮೊಳೆ ಹೊಡೆದವಳಲ್ಲ.

ಬಸವಂತ ಸುತ್ತಿಗೆ ತಂದು ಕೈಗಿಟ್ಟ. "ಬಡಿ. ಯಾಂವ ಬೈತಾನ ನೋಡೇಬಿಡೂಣು!"

ಕಣ್ಣು ಮುಚ್ಚಿ ಬಡಿದಳು. ಹೊಸ ಗಿಲಾವು ಉದುರಿತು, ಮೊಳೆ ಸೊಟ್ಟಗಾಯಿತು, ಮನೆ ಒಂದು ಗೇಣು ಕೆಳಗಿಳಿಯಿತು.

"ಇಳೀತು! ಇನ್ನೊಂದು, ಇನ್ನೊಂದು!" ಎಂದು ಬಸವಂತ ಕುಣಿದ.

ಕನ್ನಡಿಗೊಂದು, ಚೀಲಕ್ಕೊಂದು, ಅತ್ತೆಯ ಫೋಟೋಕ್ಕೊಂದು. ಕೊನೆಯದಕ್ಕೆ ಮನೆ ದಢ್ ಎಂದು ನೆಲಕ್ಕೆ ಕೂತಿತು. ಇಮಾಮಸಾಬನ ಚಹಾ ಅಂಗಿಯ ಮೇಲೆ ಚೆಲ್ಲಿತು.

"ಸಾಕ್ರೀ ಅಕ್ಕಾರ, ನನ್ನ ಗಿಲಾವು ಉಳಸ್ರೀ!"

"ಸುಮ್ನಿರೋ ಮಾರಾಯಾ," ನಗುತ್ತ ನಗುತ್ತ ಶಶಿಕಲಾ ಮತ್ತೊಂದು ಮೊಳೆ ಎತ್ತಿಕೊಂಡಳು. "ನನ್ನ ಗ್ವಾಡಿ ಇದು!"