ಹೊರುವಾಗ ಹಗುರ

“ಮೂರೇ ಗುಂಡು,” ಎಂದ ಹಾಲಿಸ್. “ಎರಡು ಆ ತಟ್ಟೆಗೆ ಬಡೀಲಿ ಸಾಕು. ನಾನು ಕಾಗದಕ್ಕೆ ಸಹಿ ಹಾಕ್ತೀನಿ, ನೀವು ಕೊಂಬು ಹೊತ್ಕೊಂಡು ಮನೆಗೆ ಹೋಗಿ.”

ಇನ್ನೂರು ಗಜ ಆಚೆ, ಹಿಮ ಬಿದ್ದ ದಿಬ್ಬದ ಬುಡದಲ್ಲಿ ಕಬ್ಬಿಣದ ತಟ್ಟೆಯೊಂದು ತೂಗುತ್ತಿತ್ತು. ವರ್ಲಿನ್ ಸ್ಕೋಗ್ಲಂಡ್ ಅದನ್ನು ನೋಡಿದ. ಆಮೇಲೆ ಹಿಂದೆ ನಿಂತಿದ್ದ ಹೆಂಡತಿಯನ್ನು. ಆಮೇಲೆ ದಾರಿಯನ್ನು. ದಾರಿಗೆ ಅಡ್ಡವಾಗಿ ಹಾಲಿಸ್‌ನ ವನ್ಯಜೀವಿ ಇಲಾಖೆಯ ಗಾಡಿ ನಿಂತಿತ್ತು.

ಅರವತ್ತೊಂದರ ವರ್ಲಿನ್ ಕಾಡುಟಗರಿನ ಪರವಾನಗಿಗೆ ಇಪ್ಪತ್ತಮೂರು ವರ್ಷ ಅರ್ಜಿ ಹಾಕಿದ್ದ. ಈ ವರ್ಷ ಚೀಟಿ ಎತ್ತಿದಾಗ ಅವನ ಹೆಸರು ಬಂತು. ಅಷ್ಟರಲ್ಲಿ ಮೊಣಕಾಲು ಸವೆದಿತ್ತು. ಹೊರಲು ಸುಲಭವೆಂದು ಹೊಸ ಕೋವಿ ಕೊಂಡ: ಆರು ಪೌಂಡಿನ ಮೈ, ಹೊಟ್ಟೆಯಲ್ಲಿ ‘ಮುನ್ನೂರು ಮ್ಯಾಗ್ನಮ್’ ಎಂಬ ಭಾರಿ ಮದ್ದಿನ ತೋಟಾ. ಹೊರುವಾಗ ಹೂವು, ಹಾರಿಸುವಾಗ ಹೇಸರಗತ್ತೆ. ಕೋವಿಯ ಗುರಿಯಲ್ಲಿ ತಪ್ಪಿರಲಿಲ್ಲ. ಅದರ ಒದೆತಕ್ಕೆ ಹೆದರದವರ ಕೈಯಲ್ಲಿ ನಾನೂರು ಗಜದಲ್ಲೂ ಅಂಗೈಯಗಲದೊಳಗೆ ಗುಂಡು ಇಡುತ್ತಿತ್ತು. ವರ್ಲಿನ್ ಹೆದರಿದ. ಕಳೆದ ತಿಂಗಳು ಇದೇ ಬಯಲಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ಕೋವಿಯ ದುರ್ಬೀನು ಹಿಂದಕ್ಕೆ ನುಗ್ಗಿ ಅವನ ಹುಬ್ಬಿನ ಮೇಲೆ ಅರ್ಧಚಂದ್ರ ಕೆತ್ತಿತ್ತು.

ಗುಡ್ಡ ಹತ್ತಿದವರು ಮೂವರು. ವರ್ಲಿನ್, ಅಡುಗೆಗೆಂದು ಹೆಂಡತಿ ಮಾರಿಟ್, ಕುದುರೆಗಳ ಜೊತೆ ಆನ್ಸೆಲ್ ಪ್ರೂಯಿಟ್. ಆನ್ಸೆಲ್ ಅಂದರೆ ಊರಿಗೇ ಮೊದಲ ಗುರಿಕಾರ. ಆರನೆಯ ದಿನ ಅವರು ಇಳಿದು ಬಂದಾಗ ಕುದುರೆಯ ಬೆನ್ನ ಮೇಲೆ ಟಗರಿನ ತಲೆಯಿತ್ತು. ಮುನ್ನೂರೆಂಬತ್ತು ಗಜ, ಒಂದೇ ಗುಂಡು, ಭುಜದ ಹಿಂದೆ. ಕೊಂಬನ್ನು ಇಲಾಖೆಗೆ ತೋರಿಸಬೇಕು, ತೋರಿಸಲು ತಂದರು. ಅಧಿಕಾರಿ ಹಾಲಿಸ್ ಡ್ರೂರಿ ಮೊದಲು ನೋಡಿದ್ದು ಕೊಂಬನ್ನಲ್ಲ, ವರ್ಲಿನ್‌ನ ಹುಬ್ಬನ್ನು.

ಪರವಾನಗಿ ಯಾರದೋ ಗುಂಡೂ ಅವರದೇ ಆಗಿರಬೇಕು. ಇಲ್ಲದಿದ್ದರೆ ಕೊಂಬು ಜಪ್ತಿ, ಕೋವಿ ಜಪ್ತಿ, ಹೊಡೆದವರಿಗೂ ಹೊಡೆಸಿದವರಿಗೂ ಬದುಕಿರುವ ತನಕ ಗುಡ್ಡ ಬಂದ್. ಬೇಟೆಗಾರರನ್ನು ಗುಡ್ಡ ಹತ್ತಿಸುವುದು ಬಿಟ್ಟರೆ ಆನ್ಸೆಲ್‌ಗೆ ಬೇರೆ ಕಸುಬು ಗೊತ್ತಿರಲಿಲ್ಲ.

“ಹೊಡೆದದ್ದು ಯಾರು?” ಈಗ ತಟ್ಟೆಯೆದುರು ನಿಂತು ಹಾಲಿಸ್ ಇನ್ನೊಮ್ಮೆ ಕೇಳಿದ.

“ಪರವಾನಗಿ ನಂದು. ಟಗರು ನಂದು.”

“ಅದಲ್ಲ ನಾನು ಕೇಳಿದ್ದು.” ಹಾಲಿಸ್ ಮಾರಿಟ್ ಕಡೆ ತಿರುಗಿದ. “ಅಮ್ಮಾ, ನೀವಾದ್ರೂ ನೋಡಿದ್ರಾ?”

ಮಾರಿಟ್ ಎಡಗೈಯಲ್ಲಿ ಫ್ಲಾಸ್ಕ್ ಬಗ್ಗಿಸಿ ಅವನಿಗೆ ಕಾಫಿ ಕೊಟ್ಟಳು. “ನಾನು ಹೋಗಿದ್ದು ಬೇಕನ್ ಹುರಿಯೋಕೆ ಹಾಲಿಸ್. ಆ ಶನಿ ಕೋವಿಯ ಮೂತಿ ಯಾವ್ದು, ಬಾಲ ಯಾವ್ದು ಅಂತ್ಲೂ ನಂಗೊತ್ತಿಲ್ಲ.”

ಹಾಲಿಸ್ ಕೋವಿಗೆ ಮೂರು ತೋಟಾ ತುಂಬಿ ಚಾಚಿದ. ವರ್ಲಿನ್ ಮೂತಿಯನ್ನು ನೆಲಕ್ಕೆ ತಿರುಗಿಸಿ, ಬೋಲ್ಟ್ ಎಳೆದು, ನಳಿಗೆಯ ಹಿಂಬಾಯಿಗೆ ಕಿರುಬೆರಳು ಹಾಕಿ ಖಾಲಿಯೇ ಎಂದು ನೋಡಿದ. ಇಲ್ಲಿನ ಬೇಟೆಗಾರರು ಹೆತ್ತಪ್ಪ ಕೊಟ್ಟ ಕೋವಿಯನ್ನೂ ಹಾಗೆ ನೋಡದೆ ಹಿಡಿಯುವುದಿಲ್ಲ. ಆಮೇಲೆ ಮೊದಲ ತೋಟಾ ಒಳಗೆ ತಳ್ಳಿ ಮಲಗಿದ.

ಮೊದಲ ಗುಂಡು ತಟ್ಟೆಗಿಂತ ಎರಡಡಿ ಕೆಳಗೆ ಕೆಸರು ಹಾರಿಸಿತು. ಕೋವಿ ಅವನ ಭುಜವನ್ನು ಜಜ್ಜಿ, ಎದ್ದು ಕೂತಿತು. ವರ್ಲಿನ್‌ನ ಕಣ್ಣಲ್ಲಿ ನೀರು ಬಂತು.

“ಉಸಿರು ಕಟ್ಬೇಡ,” ಎಂದಳು ಮಾರಿಟ್ ಮೆಲ್ಲಗೆ. “ಅರ್ಧ ಬಿಟ್ಟು ಒತ್ತು.”

“ಬೇಕನ್ ಹುರಿಯೋದೂ ಹೀಗೇನಾ ಅಮ್ಮಾ?” ಹಾಲಿಸ್ ನಕ್ಕ.

“ಎಣ್ಣೆ ಸಿಡಿಯೋವಾಗ ಹೆದರ್ಕೊಂಡ್ರೆ ಕೈ ಸುಡ್ತದಪ್ಪ.”

ಎರಡನೆಯದು ಠಣ್ ಎಂದಿತು. ತಟ್ಟೆಯ ಅಂಚು, ಅಂಚಾದರೂ ತಟ್ಟೆಯೇ. ವರ್ಲಿನ್‌ನ ಮುಖಕ್ಕೆ ಒಂದು ವಾರದಿಂದ ಕಾಣದಿದ್ದ ಕಳೆ ಬಂತು. ಇನ್ನೊಂದು. ಇನ್ನೊಂದೇ ಒಂದು ಬಡಿದರೆ ಮುಗಿಯಿತು. ಬೋಲ್ಟ್ ತಳ್ಳಿದ. ಉಸಿರು ಅರ್ಧ ಬಿಟ್ಟ. ಒತ್ತಿದ.

ಟಿಕ್.

ಗುಂಡಿನ ಸದ್ದಿಲ್ಲ, ಒದೆತವಿಲ್ಲ. ಆದರೂ ಕೋವಿಯ ಮೂತಿ ಗೇಣುದ್ದ ಕೆಳಕ್ಕೆ ಮುಗ್ಗರಿಸಿತು, ಭುಜ ಮುಂದಕ್ಕೆ ಹಾರಿತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಮೂರನೆಯದು ಹಾಲಿಸ್ ಬೇಕೆಂದೇ ತುಂಬಿದ್ದ ಮದ್ದಿಲ್ಲದ ತೋಟಾ. ಮಕ್ಕಳ ಹೆದರಿಕೆ ಹಿಡಿಯಲು ಅಪ್ಪಂದಿರು ಹೂಡುವ ಹಳೆಯ ಆಟ. ನಿಜವಾದ ಗುಂಡಾದರೆ ಒದೆತದ ಗದ್ದಲದಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಸುಳ್ಳು ಗುಂಡಿನ ಮುಂದೆ ಬಚ್ಚಿಡಲು ಜಾಗವಿಲ್ಲ.

ಹಾಲಿಸ್‌ಗೇನೂ ಖುಷಿಯಾಗಲಿಲ್ಲ. “ಎರಡನೇದು ಅದೃಷ್ಟ ಬಿಡಿ. ಮುನ್ನೂರೆಂಬತ್ತು ಗಜ ನಿಮ್ಮ ಕೈಲಾಗೋದಲ್ಲ. ನಾನಿನ್ನು ಆನ್ಸೆಲ್ ಮನೆಗೆ ಹೋಗ್ಬೇಕು.”

“ಆನ್ಸೆಲ್ ಅಲ್ಲ!” ವರ್ಲಿನ್ ಎದ್ದು ಕೂತ. “ಅವನು ಕೆಳಗೆ ಕುದುರೆ ಹತ್ರ ಇದ್ದ. ನನ್ನಾಣೆ.”

“ಮತ್ಯಾರು?”

ನಾನೇ ಎಂದರೆ ಸುಳ್ಳು, ಹೇಳದಿದ್ದರೆ ಸ್ನೇಹಿತನ ಅನ್ನಕ್ಕೆ ಕಲ್ಲು. ವರ್ಲಿನ್ ಹಿಮದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನೋಡಿದರೆ ಅಯ್ಯೋ ಅನಿಸಬೇಕು.

ಹಾಲಿಸ್ ಬರೆಯುವ ಪುಸ್ತಕ ಹೊರತೆಗೆದ. ಕೈಗವಸು ಕಳಚಬೇಕಿತ್ತು. ನೆಲದಲ್ಲಿದ್ದ ಕೋವಿಯನ್ನೆತ್ತಿ, ಹಿಂತಿರುಗಿಯೂ ನೋಡದೆ ಚಾಚಿದ. “ಒಂದು ನಿಮಿಷ ಹಿಡ್ಕೊಳ್ಳಿ ಅಮ್ಮಾ. ಹೆದರ್ಬೇಡಿ, ಏನಿಲ್ಲ ಅದ್ರಲ್ಲಿ.”

ಮಾರಿಟ್ ತೆಗೆದುಕೊಂಡಳು. ಅವಳ ಕಣ್ಣು ಗಂಡನ ಮೇಲೇ ಇತ್ತು. ಮೂತಿ ತಾನಾಗಿ ನೆಲಕ್ಕೆ ತಿರುಗಿತು. ಅವಳ ಬಲಭುಜ ಒಮ್ಮೆ ನೋವಿಗೆ ಕುಗ್ಗಿತಾದರೂ ಕೈ ಬೋಲ್ಟ್ ಎಳೆಯಿತು. ಹೊರಗೆ ಹಾರಿದ ಸುಳ್ಳು ತೋಟಾ ಹಿಮಕ್ಕೆ ಬೀಳುವ ಮೊದಲೇ ಅಂಗೈ ಸೇರಿತು. ಕಿರುಬೆರಳು ನಳಿಗೆಯ ಹಿಂಬಾಯಿಗೆ ಹೋಗಿ, ಖಾಲಿಯೆಂದು ನೋಡಿ ಬಂತು. ಆಗಲೇ ಅವಳು ತಲೆಯೆತ್ತಿದ್ದು. ಹಾಲಿಸ್‌ನ ಪೆನ್ನು ಗಾಳಿಯಲ್ಲೇ ನಿಂತಿತ್ತು.

“ಇಪ್ಪತ್ತಮೂರು ವರ್ಷ ಕಾದಿದ್ದ ಹಾಲಿಸ್,” ಎಂದಳು ಮಾರಿಟ್. “ಟಗರು ಇನ್ನೊಂದು ನಿಮಿಷ ಕಾಯ್ತಿರ್ಲಿಲ್ಲ.”