ಬೀರು ಬಾಗಿಲಿನ ಗೀರು

ಐದನೆಯ ‘ಯಾಕೆ’ಗೆ ಅತ್ತಿಗೆಯ ಕೆಲಸ ಹೋಗುವುದರಲ್ಲಿತ್ತು.

ಅದು ಸ್ಟೀಲ್ ಬೀರು ಮಾಡುವ ಕಾರ್ಖಾನೆ. ಹೊಸ ಬೀರುವಿನ ಬಾಗಿಲಲ್ಲೇ ಗೀರು ಬಿದ್ದಿದೆಯೆಂದು ಅಂಗಡಿಯವರು ಒಂದರ ಹಿಂದೊಂದು ವಾಪಸು ಕಳಿಸುತ್ತಿದ್ದರು. ಮ್ಯಾನೇಜರು ಎಲ್ಲೋ ತರಬೇತಿಗೆ ಹೋಗಿ ಒಂದು ವಿದ್ಯೆ ಕಲಿತು ಬಂದಿದ್ದರು. ಯಾವ ತೊಂದರೆಯೇ ಆಗಲಿ, ಐದು ಸಲ ‘ಯಾಕೆ’ ಎಂದು ಕೇಳಿದರೆ ಮೂಲ ಸಿಗುತ್ತದಂತೆ. ಅಂದಿನಿಂದ ಚಹಾ ತಣ್ಣಗಾದರೂ ಐದು ಸಲ ಕೇಳುವುದೇ. ಬೀರು ಯಾಕೆ ವಾಪಸು ಬಂತು, ಗೀರು ಯಾಕೆ ಬಿತ್ತು ಎಂದು ಶುರುವಾದದ್ದು ಐದನೆಯದಕ್ಕೆ ಬರುವಷ್ಟರಲ್ಲಿ ‘ಪ್ಯಾಕ್ ಮಾಡುವವಳಿಗೆ ನಿಗಾ ಇಲ್ಲ’ ಎಂಬ ತೀರ್ಪಾಗಿ ಕೂತಿತ್ತು.

ಪ್ಯಾಕ್ ಮಾಡುವವಳು ಗುಣಮಟ್ಟ ವಿಭಾಗದವಳ ಅಣ್ಣನ ಹೆಂಡತಿ. ಕಾರ್ಖಾನೆಯವರೆಲ್ಲ ‘ಕ್ವಾಲಿಟಿ ಮೇಡಂ’ ಎಂದು ಕರೆಯುವ ಇವಳೇ ಅತ್ತಿಗೆಗೆ ಆ ಕೆಲಸ ಕೊಡಿಸಿದ್ದು. ಈಗ ಬಾಯಿ ಬಿಟ್ಟರೆ ಮನೆಯವಳನ್ನು ವಹಿಸಿಕೊಂಡಳು ಎನ್ನುತ್ತಾರೆ; ಸುಮ್ಮನಿದ್ದರೆ ಅಣ್ಣನಿಗೆ ಮುಖ ತೋರಿಸುವುದು ಹೇಗೆ? ಒಳ್ಳೇ ಇಕ್ಕಟ್ಟಿಗೆ ಬಂತು.

“ಸಂಜೆ ಗೇಟ್ ಪಾಸ್ ವಾಪಸ್ ಇಸ್ಕೊಂಡು ಕಳಿಸಿಬಿಡೋಣ,” ಎಂದರು ಮ್ಯಾನೇಜರು.

“ಸರ್, ನಿಮ್ಮ ಐದು ಯಾಕೆ ಒಳ್ಳೇದೇ. ಆದ್ರೆ ಗೀರು ಎಲ್ಲಿ ಬಿದ್ದಿದೆ ಅಂತ ಇನ್ನೂ ಯಾರೂ ನೋಡೇ ಇಲ್ಲ. ಅದು ಗೊತ್ತಿಲ್ದೆ ಯಾಕೆ ಅಂತ ಕೇಳಿದ್ರೆ ಕಾರಣ ಸಿಗಲ್ಲ, ಬೈಸ್ಕೊಳ್ಳೋಕೆ ಒಬ್ರು ಸಿಗ್ತಾರೆ ಅಷ್ಟೆ. ಸಂಜೆವರೆಗೂ ಟೈಮ್ ಕೊಡಿ.”

“ಅತ್ತಿಗೆ ಅಂತಾನಾ?”

“ಅತ್ತಿಗೇದೇ ತಪ್ಪಾದ್ರೆ ನಾನೇ ಗೇಟ್‌ವರೆಗೆ ಬಿಟ್ಟು ಬರ್ತೀನಿ.” ಎಂದಳು ಕ್ವಾಲಿಟಿ ಮೇಡಂ.

ವಾಪಸು ಬಂದ ಬೀರುಗಳ ಪಕ್ಕ ಒಂದು ಒಳ್ಳೆಯ ಬೀರು ನಿಲ್ಲಿಸಿದಳು. ಕೆಟ್ಟದ್ದನ್ನು ಒಂದೊಂದಾಗಿ ನೋಡುವುದು, ಅದರಲ್ಲಿ ಗೀರು ಎಲ್ಲಿದೆಯೋ ಒಳ್ಳೆಯದರ ಅದೇ ಜಾಗಕ್ಕೆ ಒಂದು ಕೆಂಪು ಅಂಟುಚೀಟಿ ಹಚ್ಚುವುದು. “ನನ್ನ ಹೊಟ್ಟೆಪಾಡು ಈ ಚೀಟಿ ಮೇಲೆ ನಿಂತಿದೆಯಲ್ಲೇ,” ಎಂದು ಗೊಣಗುತ್ತಲೇ ಅತ್ತಿಗೆ ಚೀಟಿ ಹರಿದು ಹರಿದು ಕೊಟ್ಟಳು. ಅವಳು ಕುಕ್ಕರಗಾಲಲ್ಲಿ ಕೂತು ಬೀರುವಿನ ತಳಕ್ಕೆ ಪ್ಯಾಕಿಂಗ್ ಹಾಳೆ ಸುತ್ತುವವಳು, ಸ್ಟೂಲು ಹತ್ತಿ ಅದರ ಮೇಲ್ತುದಿಗೆ ಸುತ್ತುವವಳು. ತಪ್ಪು ಅವಳ ಕೈಯದಾದರೆ ಗೀರು ಮೇಲೂ ಕೆಳಗೂ ಚೆಲ್ಲಾಡಿರಬೇಕಿತ್ತು. ಆದರೆ ಚೀಟಿಗಳೆಲ್ಲ ಹಿಡಿಕೆಯ ಪಕ್ಕ, ಸೊಂಟದೆತ್ತರದಲ್ಲಿ, ಅಂಗೈಯಗಲದ ಜಾಗದಲ್ಲೇ ಒತ್ತೊತ್ತಾಗಿ ಕೂತವು. ಮೇಲೆ ಒಂದೂ ಇಲ್ಲ, ಕೆಳಗೆ ಒಂದೂ ಇಲ್ಲ. ಅತ್ತಿಗೆಯದಲ್ಲ ಎಂದು ಖಾತ್ರಿಯಾಗಿ ಕ್ವಾಲಿಟಿ ಮೇಡಂಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಯಾರದು?

ಅಷ್ಟರಲ್ಲಿ ಮ್ಯಾನೇಜರು ಬಂದರು. “ಏನಿದು, ಬೀರುಗೆ ದಡಾರ ಎದ್ದಿದೆಯಾ?”

ಬಣ್ಣದ ವಿಷಯದಲ್ಲಿ ಅವರು ಯಾರನ್ನೂ ನಂಬುವವರಲ್ಲ. ಪ್ಯಾಕಿಂಗಿಗೆ ಮೊದಲು ಪ್ರತಿಯೊಂದು ಬೀರುವನ್ನೂ ತಾವೇ ನೋಡಬೇಕು. ಹೊಳಪು ಸಮನಾಗಿದೆಯೇ ಎಂದು ಬಾಗಿಲಿಗೆ ಕೆನ್ನೆ ತಾಗುವಷ್ಟು ವಾಲಿ ಓರೆಗಣ್ಣಲ್ಲಿ ನೋಡಬೇಕು. ಈಗಲೂ ಅಭ್ಯಾಸಬಲದಿಂದ ಹಾಗೇ ವಾಲಿದರು. ಕಣ್ಣು ಮೇಲಿರುವಾಗ ಹೊಟ್ಟೆ ಏನು ಮಾಡುತ್ತಿದೆಯೆಂದು ಪಾಪ ಯಾರು ನೋಡಿಕೊಳ್ಳುತ್ತಾರೆ. ಹಿಂದೆ ಸರಿದಾಗ, ಮಗಳು ಪ್ರೀತಿಯಿಂದ ತಂದುಕೊಟ್ಟಿದ್ದ ಹೊಸ ಬೆಲ್ಟಿನ ಸಿಂಹದ ಮುಖದ ದಪ್ಪ ಬಕಲ್ಲಿಗೆ ಕೆಂಪು ಚೀಟಿಗಳು ಅಂಟಿಕೊಂಡು ಬಂದಿದ್ದವು. ಚೀಟಿ ಕಿತ್ತುಬಂದ ಜಾಗದಲ್ಲಿ ಹಸಿ ಹಸಿ ಗೀರು.

ಕ್ವಾಲಿಟಿ ಮೇಡಂ ಬೆರಳು ಮಾಡಿ ತೋರಿಸಿದಳು. ಗೆದ್ದೆ ಎಂದು ಮೈಯೆಲ್ಲ ಕುಣಿಯುತ್ತಿತ್ತು. ಮ್ಯಾನೇಜರು ಬಾಗಿಲು ನೋಡಿದರು, ಬಕಲ್ಲು ನೋಡಿಕೊಂಡರು. ಯಂತ್ರಗಳ ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕಾರ್ಖಾನೆಯೇ ಬಿದ್ದು ಬಿದ್ದು ನಕ್ಕಿತು.

“ನಾಳೆಯಿಂದ ಲಾಡಿ ಪ್ಯಾಂಟ್ ಹಾಕ್ಕೊಂಡು ಬನ್ನಿ ಸರ್,” ಎಂದಳು ಅತ್ತಿಗೆ. “ಲಾಡಿ ನಾನೇ ಹೊಲಿದು ಕೊಡ್ತೀನಿ. ನಾನು ಕಟ್ಟಿದ್ದು ಇದುವರೆಗೂ ಬಿಚ್ಕೊಂಡಿಲ್ಲ.”

ಮ್ಯಾನೇಜರ ಕಿವಿ ಕೆಂಪಾಯಿತು. ಅಲ್ಲೇ ಬೆಲ್ಟು ಬಿಚ್ಚಿ ಕ್ವಾಲಿಟಿ ಮೇಡಂ ಕೈಗಿಟ್ಟು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಪರೀಕ್ಷೆಗೆ ಕಾದಿದ್ದ ಮುಂದಿನ ಬೀರುವಿನ ಎದುರು ಒಂದು ಮೊಳ ದೂರದಲ್ಲಿ ಹೋಗಿ ನಿಂತರು.